ಮಾತ್ರೆಗೂ ಮೊದಲೇ ಇದ್ದ ನಡುಕ

ಆ್ಯಂಟಿಸೈಕೋಟಿಕ್ ಔಷಧಗಳನ್ನು ಸೇವಿಸುವವರಲ್ಲಿ ಕೈ ನಡುಗುವುದು, ಮೈ ಬಿಗಿಯುವುದು, ವರ್ಷಗಳ ಬಳಿಕ ತುಟಿ ನಾಲಿಗೆಗಳು ತಾವಾಗಿಯೇ ಆಡತೊಡಗುವುದು ವೈದ್ಯರಿಗೆ ಹಳೆಯ ಸಂಗತಿ. ಕೊನೆಯದಕ್ಕೆ ಟಾರ್ಡಿವ್ ಡಿಸ್ಕೈನೀಸಿಯಾ ಎಂಬ ಹೆಸರಿದೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಈ ಬಗೆಯ ಮೊದಲ ಔಷಧವಾದ ಕ್ಲೋರ್‌ಪ್ರೊಮಜೀನ್ ಮನೋರೋಗಿಗಳಿಗೆ ದೊರೆತ ಕೆಲವೇ ವರ್ಷಗಳಲ್ಲಿ ಇವು ಕಾಣಿಸಿಕೊಂಡವು. ಅಂದಿನಿಂದ ತಪ್ಪೆಲ್ಲ ಮಾತ್ರೆಯ ತಲೆಗೇ ಬಂದಿತು.

ಆ ನಿಶ್ಚಿಂತೆಯನ್ನು ಕದಡಿದವುಗಳಲ್ಲಿ ಒಂದು 1996ರಲ್ಲಿ ಪ್ರಕಟವಾದ ಮದರಾಸಿನ ಅಧ್ಯಯನ. ಸ್ಕಾಟ್ಲೆಂಡಿನ ರಾಬಿನ್ ಮೆಕ್‌ಕ್ರೀಡಿ ಮತ್ತು ಆರ್. ತಾರಾ ಅವರ ತಂಡವು ಎಂದೂ ಔಷಧ ಸೇವಿಸದ 21 ಸ್ಕಿಜೋಫ್ರೇನಿಯಾ ರೋಗಿಗಳನ್ನು ಪರೀಕ್ಷಿಸಿದಾಗ ಶೇ 38ರಷ್ಟು ಮಂದಿಯಲ್ಲಿ ಡಿಸ್ಕೈನೀಸಿಯಾ, ಎಂದರೆ ಇಚ್ಛೆಯ ಹಂಗಿಲ್ಲದ ಚಲನೆ, ಕಂಡುಬಂದಿತು. ಔಷಧ ಪಡೆದವರಲ್ಲಿ ಅದು ಶೇ 41, ಆರೋಗ್ಯವಂತರಲ್ಲಿ ಶೇ 15. ಎರಡು ರೋಗಿ ಗುಂಪುಗಳ ಅಂತರ ಇಷ್ಟು ಕಿರಿದೆಂದು ಔಷಧವನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ, ಏಕೆಂದರೆ ಔಷಧ ಪಡೆದವರ ಸರಾಸರಿ ವಯಸ್ಸು 57, ಪಡೆಯದವರದು 65, ಮತ್ತು ಇಂಥ ಚಲನೆ ವಯಸ್ಸಿನೊಡನೆ ಹೆಚ್ಚುತ್ತದೆ. 21 ಜನರ ಲೆಕ್ಕವೂ ದೊಡ್ಡದಲ್ಲ. ಆದರೂ ಚಿಕಿತ್ಸೆಯೇ ತಲುಪದವರು ದಕ್ಷಿಣ ಭಾರತದಲ್ಲಿ ಇದ್ದುದರಿಂದ ಈ ಚಲನೆ ರೋಗದ್ದೋ ಮದ್ದಿನದ್ದೋ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕಲು ಸಾಧ್ಯವಾಯಿತೆಂಬುದು ವಿಜ್ಞಾನಕ್ಕೆ ಲಾಭ, ಸಮಾಜಕ್ಕೆ ನಾಚಿಕೆ.

ಅದೇ ಬಳಗ 2002ರಲ್ಲಿ ಇಂಥವರ ಎಂಆರ್‌ಐ ಚಿತ್ರಗಳನ್ನು ಪ್ರಕಟಿಸಿತು. ಡಿಸ್ಕೈನೀಸಿಯಾ ಇದ್ದವರಲ್ಲಿ ಮಿದುಳಿನ ಆಳದಲ್ಲಿ ಚಲನೆಯನ್ನು ಹದಗೊಳಿಸುವ ಲೆಂಟಿಫಾರ್ಮ್ ನ್ಯೂಕ್ಲಿಯಸ್ ದೊಡ್ಡದಾಗಿತ್ತು. ಹಳೆಯ ಆ್ಯಂಟಿಸೈಕೋಟಿಕ್‌ಗಳೂ ಈ ಪ್ರದೇಶದ ಗಾತ್ರವನ್ನು ಹಿಗ್ಗಿಸಬಲ್ಲವಾದ್ದರಿಂದ, ಔಷಧದ ಸೋಂಕಿಲ್ಲದ ಮಿದುಳಿನಲ್ಲಿ ಕಂಡ ಈ ವ್ಯತ್ಯಾಸಕ್ಕೆ ವಿಶೇಷ ಬೆಲೆಯಿದೆ.

ಔಷಧದ ಪಾಲನ್ನು ಅಳೆದದ್ದು ಪೆಟ್ ಸ್ಕ್ಯಾನ್. ವಿಕಿರಣಶೀಲ ಗುರುತು ಹಚ್ಚಿದ ರಾಕ್ಲೊಪ್ರೈಡ್ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನಿನ ಡಿ2 ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಔಷಧ ಮೊದಲೇ ಹಿಡಿದಿಟ್ಟ ಗ್ರಾಹಕಗಳಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಚಿತ್ರ ಮಂಕಾಗುತ್ತದೆ. ಟೊರಾಂಟೊದಲ್ಲಿ ಶಿತಿಜ್ ಕಪೂರ್ ತಂಡವು 2000ದಲ್ಲಿ ತೋರಿಸಿದಂತೆ, ಹ್ಯಾಲೊಪೆರಿಡಾಲ್ ಎಂಬ ಆ್ಯಂಟಿಸೈಕೋಟಿಕ್ ಸುಮಾರು ಶೇ 65 ಗ್ರಾಹಕಗಳನ್ನು ಹಿಡಿದಾಗ ರೋಗ ಶಮನದ ಸಾಧ್ಯತೆ ಹೆಚ್ಚುತ್ತದೆ, ಶೇ 78 ದಾಟಿದರೆ ಬಿಗಿತ ನಡುಕಗಳ ಸಾಧ್ಯತೆ ಹೆಚ್ಚುತ್ತದೆ. ಗುಣಕ್ಕೂ ಕಾಟಕ್ಕೂ ನಡುವಿನ ದಾರಿ ಇಷ್ಟು ಇಕ್ಕಟ್ಟು.

ಇನ್ನು ಡ್ಯಾಟ್ ಸ್ಕ್ಯಾನ್ ಡೋಪಮೈನನ್ನು ಬಿಡುಗಡೆ ಮಾಡುವ ನರತುದಿಗಳನ್ನು ತೋರಿಸುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ಅಲ್ಪವಿರಾಮದಂತೆ ಕಾಣುವ ಇಬ್ಬದಿಯ ಬೆಳಕು ಪಾರ್ಕಿನ್ಸನ್ ಕಾಯಿಲೆಯಲ್ಲಿ ಪೂರ್ಣವಿರಾಮದಂತೆ ಕುಗ್ಗುತ್ತದೆ. ಔಷಧಜನ್ಯ ನಡುಕದಲ್ಲಿ ತಡೆಯಿರುವುದು ಗ್ರಾಹಕದಲ್ಲಿ, ನರತುದಿಯಲ್ಲಲ್ಲ. ಆದ್ದರಿಂದ ಚಿತ್ರ ಸಾಮಾನ್ಯವಾಗಿ ಸಹಜವಾಗಿರುತ್ತದೆ. ಕುಗ್ಗಿದ ಚಿತ್ರವಿದ್ದರೆ, ಒಳಗೆ ಅಡಗಿದ್ದ ಪಾರ್ಕಿನ್ಸನ್ ಅನ್ನು ಔಷಧ ಬಯಲಿಗೆಳೆದಿರಬಹುದೆಂಬ ಶಂಕೆ ಬಲವಾಗುತ್ತದೆ.

ಶಹಾಪುರ ತಾಲ್ಲೂಕಿನ ವನದುರ್ಗದಂಥ ಊರಿಗೆ ಇಂಥ ಯಂತ್ರ ಬರಬೇಕೆನ್ನುವುದು ವ್ಯರ್ಥ ಹಂಬಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ರೂಪಿಸಿದ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿಯಿತ್ತು ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಮಾದರಿಯೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತೆಂಬುದನ್ನು ನೆನೆದರೆ, ಈ ಸೀಮೆಗೆ ಒಗ್ಗುವ ಉಪಾಯ ಬೇರೆಯೇ ಇದೆ. ಮೊದಲ ಮಾತ್ರೆ ಕೊಡುವ ಮುನ್ನವೇ ರೋಗಿಯ ಕೈ ಚಾಚಿಸಿ, ನಾಲಿಗೆ ಹೊರಚಾಚಿಸಿ, ನಡೆಸಿ ನೋಡಿ, ಕಂಡದ್ದನ್ನು ಚೀಟಿಯಲ್ಲಿ ಬರೆದಿಡುವುದೇ ಅದು. ಆ ದಾಖಲೆ ಇಲ್ಲದಿದ್ದರೆ ಮುಂದೆ ಕಾಣುವ ನಡುಕ ರೋಗದ್ದೋ ಮದ್ದಿನದ್ದೋ ಎಂದು ಬೇರ್ಪಡಿಸುವುದು ಕಷ್ಟ. ಮನೆಯವರು ಮದ್ದನ್ನೇ ದೂರಿ ಥಟ್ಟನೆ ನಿಲ್ಲಿಸಿದರೆ ಮರಳಿ ಬರುವುದು ಮೂಲ ರೋಗವೇ.