ಹಂಪಿಗೆ ಹೊರಡುವ ಮುನ್ನ ಅಪ್ಪನ ಪಾದ ನೋಡಿ

ರಾಮನಗರದ ಬಳಿಯ ಕೈಲಾಂಚದಂಥ ಊರಿನಲ್ಲಿ ಮನೆಮಂದಿಯೆಲ್ಲ ನಾಲ್ಕು ದಿನ ಪ್ರವಾಸ ಹೊರಡುವುದು ಸುಲಭದ ಮಾತಲ್ಲ. ಮನೆಯಲ್ಲಿ ರೇಷ್ಮೆ ಹುಳು ಇದ್ದರಂತೂ ಮುಗಿದೇಹೋಯಿತು. ನಾಲ್ಕನೇ ಜ್ವರ ಎದ್ದ ಹುಳುವಿಗೆ ಹಗಲೂ ರಾತ್ರಿ ಸೊಪ್ಪು ಬೇಕು. ಬಾಗಿಲಿಗೆ ಬೀಗ ಹಾಕಿ ಹೋಗುವಂತಿಲ್ಲ. ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಗೆ ಸಾಗಿಸಿ, ಮನೆ ತೊಳೆದು ಮುಂದಿನ ಬೆಳೆಗೆ ಕಾಯುವ ಆ ಕೆಲವು ದಿನಗಳೇ ಬಿಡುವು. ಆ ಬಿಡುವಿನಲ್ಲಿ ಎಲ್ಲವನ್ನೂ ನೋಡಿಬಿಡಬೇಕೆಂಬ ಆತುರ ಸಹಜ. ಆರೋಗ್ಯ ಕೈಕೊಡುವುದೂ ಈ ಆತುರದಲ್ಲೇ.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಗೆ 62 ವರ್ಷ, ಸಕ್ಕರೆ ಕಾಯಿಲೆ ಶುರುವಾಗಿ ಹತ್ತು ವರ್ಷ. ತಾಯಿಗೆ ಮಂಡಿ ನೋವು ಮತ್ತು ರಕ್ತದೊತ್ತಡ. ಮಗ, ಸೊಸೆ, ಐದು ವರ್ಷದ ಮೊಮ್ಮಗು. ಹೋಗಬೇಕೆಂದಿರುವುದು ಹಂಪಿಗೆ. 1336ರಲ್ಲಿ ಸ್ಥಾಪನೆಯಾದ ವಿಜಯನಗರ ಸಾಮ್ರಾಜ್ಯದ ರಾಜಧಾನಿ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣ. ಸ್ಮಾರಕಗಳು ಸುಮಾರು 42 ಚದರ ಕಿಲೋಮೀಟರ್ ಪ್ರದೇಶದಲ್ಲಿ ಹರಡಿವೆ. ಒಂದೇ ದಿನದಲ್ಲಿ ಓಡಿ ನೋಡಿ ಬರುವ ಊರು ಇದಲ್ಲ.

ಹೊರಡುವ ಹದಿನೈದು ದಿನ ಮೊದಲು

ಬಟ್ಟೆಬರೆ ಜೋಡಿಸುವ ಮೊದಲು ತಂದೆಯವರನ್ನು ಒಮ್ಮೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತದ ಸಕ್ಕರೆ, ರಕ್ತದೊತ್ತಡದ ಜೊತೆಗೆ ಪಾದಗಳನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಿ. ಬಹಳ ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಮಂಕಾಗುತ್ತವೆ. ಮುಳ್ಳು ಚುಚ್ಚಿದ್ದು, ಚಪ್ಪಲಿ ಉಜ್ಜಿದ್ದು, ನೆಲ ಸುಟ್ಟಿದ್ದು ಯಾವುದೂ ತಿಳಿಯುವುದಿಲ್ಲ. ರಕ್ತ ಸಂಚಾರವೂ ಕಡಿಮೆಯಾಗಿದ್ದರೆ ಸಣ್ಣ ಬೊಬ್ಬೆಯೇ ಹುಣ್ಣಾಗಿ, ಹುಣ್ಣು ಕೊಳೆತು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರಬಹುದು.

ಹಂಪಿಯೆಂದರೆ ಬಂಡೆಗಳ ನಾಡು. ವಿರೂಪಾಕ್ಷ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಪಾದರಕ್ಷೆ ಹೊರಗೇ ಬಿಡಬೇಕು. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲುಹಾಸಿನ ಮೇಲೆ ಆರೋಗ್ಯವಂತರು ಕುಣಿಯುತ್ತಾ ಓಡುತ್ತಾರೆ. ಪಾದ ಮಂಕಾದವರು ಮಾತ್ರ ನಿಧಾನವಾಗಿ ನಡೆಯುತ್ತಾರೆ. ನೋಡುವವರಿಗೆ ಅದು ಭಕ್ತಿಯಂತೆ ಕಾಣಬಹುದು, ನಿಜವಾಗಿ ಅದು ಕಾಯಿಲೆಯ ಲಕ್ಷಣ. "ಏನೂ ಆಗಕಿಲ್ಲ ಬಿಡ್ಲಾ, ನಾನು ದಿನಾ ತೋಟಕ್ಕೆ ಬರಿಗಾಲಲ್ಲೇ ಹೋಗೋನು" ಎಂದು ತಂದೆ ಹೇಳಿದರೆ ಸುಮ್ಮನಾಗಬೇಡಿ. ಉರಿ ಗೊತ್ತಾಗದಿರುವುದೇ ಅಪಾಯದ ಗುರುತು ಎಂದು ತಿಳಿಸಿ ಹೇಳಿ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ದೇವಸ್ಥಾನಕ್ಕೆ ಬೆಳಗ್ಗೆ ಬೇಗ, ಕಲ್ಲು ಕಾಯುವ ಮೊದಲೇ ಹೋಗಿ. ದಪ್ಪನೆಯ ಹತ್ತಿಯ ಕಾಲುಚೀಲ ಹಾಕಿಸಿ. ಉಳಿದೆಡೆ ಮುಂಭಾಗ ಮುಚ್ಚಿದ, ಈಗಾಗಲೇ ಕಾಲಿಗೆ ಹೊಂದಿಕೊಂಡ ಹಳೆಯ ಶೂ ಇರಲಿ. ಪ್ರವಾಸಕ್ಕೆಂದೇ ಹೊಸ ಚಪ್ಪಲಿ ಕೊಂಡು ಹೊರಡುವುದು ನಾವು ಮಾಡುವ ದೊಡ್ಡ ತಪ್ಪು. ದಿನವೂ ರಾತ್ರಿ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಅಂಗಾಲನ್ನು ಮನೆಯವರೊಬ್ಬರು ದೀಪದ ಬೆಳಕಿನಲ್ಲಿ ನೋಡಲಿ. ಕೆಂಪು, ಬೊಬ್ಬೆ, ಗಾಯ ಕಂಡರೆ ಮರುದಿನದ ನಡಿಗೆ ರದ್ದು. ಬೊಬ್ಬೆಯನ್ನು ಒಡೆಯಬೇಡಿ, ವೈದ್ಯರಿಗೆ ತೋರಿಸಿ.

ಔಷಧದ ಚೀಲ

ಮಾತ್ರೆಗಳನ್ನು ಬೇಕಾದುದಕ್ಕಿಂತ ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಒಯ್ಯಿರಿ, ವೈದ್ಯರ ಚೀಟಿಯೂ ಜೊತೆಗಿರಲಿ. ಇವು ದೊಡ್ಡ ಪೆಟ್ಟಿಗೆಯಲ್ಲಿ ಬೇಡ, ಹೆಗಲಿಗೆ ಹಾಕುವ ಚೀಲದಲ್ಲಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಬಿಸಿಲಿನಲ್ಲಿ ನಿಂತ ವಾಹನದಲ್ಲಿ ಬಿಡಬಾರದು. ಮಂಜುಗಡ್ಡೆಗೆ ತಾಗಿಸಿಯೂ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ನಡಿಗೆ ಹೆಚ್ಚಿ ಊಟ ತಡವಾದರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಬೆವರು, ನಡುಕ, ತಲೆಸುತ್ತು, ವಿನಾಕಾರಣ ಸಿಟ್ಟು, ಗೊಂದಲದ ಮಾತು ಇದರ ಲಕ್ಷಣಗಳು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ ಕೊಡಿ, ಆಮೇಲೆ ಊಟ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ನಾಲ್ಕು ದಿನ ಹೀಗಿರಲಿ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಏಪ್ರಿಲ್-ಮೇ ತಿಂಗಳಲ್ಲಿ ಅಲ್ಲಿನ ಉಷ್ಣತೆ 40 ಡಿಗ್ರಿ ಮುಟ್ಟುವುದುಂಟು. ಮೈಸೂರು-ಹುಬ್ಬಳ್ಳಿ ನಡುವೆ ಓಡುವ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೂಲಕ ರಾತ್ರಿ ಪ್ರಯಾಣ ಮಾಡಿಸಿ ಹೊಸಪೇಟೆಗೆ ತಲುಪಿಸುತ್ತದೆ. ವಯಸ್ಸಾದವರಿಗೆ ಕೆಳಗಿನ ಮಲಗುವ ಸೀಟನ್ನೇ ಕಾದಿರಿಸಿ. ಬಸ್ಸು ಅಥವಾ ಕಾರಿನಲ್ಲಿ ಹೋಗುವವರು ಎರಡು ಗಂಟೆಗೊಮ್ಮೆ ಇಳಿದು ನಡೆದಾಡಬೇಕು. ಒಂದೇ ಸಮನೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ.

ಮೊದಲ ದಿನ ರಾತ್ರಿ ಪ್ರಯಾಣದ ದಣಿವು ಇರುತ್ತದೆ. ಹಗಲು ವಿಶ್ರಾಂತಿ, ಸಂಜೆ ಹೇಮಕೂಟದ ಮೇಲೆ ತಂಪಾದ ಗಾಳಿ, ಅಷ್ಟೇ ಸಾಕು. ಎರಡನೆಯ ದಿನ ಬೆಳಗ್ಗೆ ಬೇಗ ವಿರೂಪಾಕ್ಷನ ದರ್ಶನ, ಸಂಜೆ ಉಗ್ರನರಸಿಂಹ ಮತ್ತು ಬಡವಿಲಿಂಗ.

ಮೂರನೆಯ ದಿನ ಒಂದು ಲೆಕ್ಕಾಚಾರ ಬೇಕು. ವಿಜಯ ವಿಠ್ಠಲ ದೇವಾಲಯ, ಕಮಲ ಮಹಲ್ ಇರುವ ಆವರಣ, ಕಮಲಾಪುರದ ವಸ್ತುಸಂಗ್ರಹಾಲಯ ಇವಕ್ಕೆ ಅದೇ ದಿನ ಒಂದೇ ಟಿಕೆಟ್ ಸಾಕಾಗುತ್ತದೆ. ಹಣ ಉಳಿಸಲೆಂದು ಜನ ಮಟಮಟ ಮಧ್ಯಾಹ್ನ ಓಡಾಡುತ್ತಾರೆ. ಅದರ ಬದಲು ಬೆಳಗ್ಗೆ ವಿಠ್ಠಲ ದೇವಾಲಯ, ಬಿಸಿಲಿನ ಹೊತ್ತಿನಲ್ಲಿ ನೆರಳಿರುವ ವಸ್ತುಸಂಗ್ರಹಾಲಯ, ಇಳಿಹೊತ್ತಿನಲ್ಲಿ ಕಮಲ ಮಹಲ್ ಮತ್ತು ಆನೆ ಲಾಯ ಎಂದಿಟ್ಟುಕೊಂಡರೆ ಹಣವೂ ಉಳಿಯಿತು, ಜೀವಕ್ಕೂ ಹಿತ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ ಎಂಬುದು ನೆನಪಿರಲಿ. ವಿಠ್ಠಲ ದೇವಾಲಯಕ್ಕೆ ಹೋಗುವ ಸುಮಾರು ಒಂದು ಕಿಲೋಮೀಟರ್ ದಾರಿಗೆ ಬ್ಯಾಟರಿ ವಾಹನವಿದೆ. ಮಂಡಿ ನೋವಿನವರು ಸಂಕೋಚವಿಲ್ಲದೆ ಹತ್ತಲಿ.

ನಾಲ್ಕನೆಯ ದಿನ ಅಂಜನಾದ್ರಿ. 575ರಷ್ಟು ಮೆಟ್ಟಿಲು. "ಇಷ್ಟು ದೂರ ಬಂದದ್ದಾಯಿತು, ಹತ್ತಿಯೇಬಿಡೋಣ" ಎಂಬ ಮಾತಿಗೆ ಹಿರಿಯರು ಮರುಳಾಗಬಾರದು. ಮಗ ಸೊಸೆ ಬೆಳಗ್ಗೆ ಹತ್ತಿ ಬರಲಿ. ಕೆಳಗೆ ಕೂತವರ ಜೊತೆ ಒಬ್ಬರು ಇರಲಿ. ಹತ್ತುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹಬ್ಬುವ ನೋವು, ತಣ್ಣನೆಯ ಬೆವರು ಬಂದರೆ ಅದನ್ನು ಗ್ಯಾಸ್ ಎಂದು ಸೋಡಾ ಕುಡಿಸಿ ಕಾಲ ಕಳೆಯಬೇಡಿ. ಕೂಡಿಸಿ, 108 ಕರೆಯಿರಿ.

ನೀರು, ಊಟ, ಕೋತಿ

ಪ್ರವಾಸದಲ್ಲಿ ಹೆಂಗಸರು ಶೌಚಾಲಯದ ಚಿಂತೆಯಿಂದ ನೀರನ್ನೇ ಕುಡಿಯುವುದಿಲ್ಲ. ಇದರಿಂದ ಬಿಸಿಲಿನ ಬಳಲಿಕೆಯೂ ಉರಿಮೂತ್ರವೂ ಬರುತ್ತವೆ. ಎಲ್ಲೆಲ್ಲಿ ಅನುಕೂಲವಿದೆಯೆಂದು ಮೊದಲೇ ವಿಚಾರಿಸಿಕೊಂಡು, ವಸತಿಯಿಂದ ಹೊರಡುವ ಮುನ್ನ ಮುಗಿಸಿಕೊಂಡು, ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ದೇವಸ್ಥಾನಕ್ಕೆ ಹೋಗಬೇಕೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಾವೇ ಕೊಂಡು ನುಂಗುವ ಅಭ್ಯಾಸವೂ ಸರಿಯಲ್ಲ. ಕೆಲವರಿಗೆ ಅದು ಅಪಾಯಕಾರಿ, ವೈದ್ಯರನ್ನು ಕೇಳಿಯೇ ನಿರ್ಧರಿಸಿ.

ಊಟ ಬಿಸಿಬಿಸಿಯಾಗಿರಲಿ. ಕತ್ತರಿಸಿಟ್ಟ ಹಣ್ಣು, ತೆರೆದಿಟ್ಟ ಚಟ್ನಿ ಬೇಡ. ಮಗುವಿಗೆ ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ. ಇಲ್ಲಿ ಚಮಚವೆಂದರೆ ಟೀ ಚಮಚ. ಅಳತೆ ತಪ್ಪಬಾರದು. ಮಲದಲ್ಲಿ ರಕ್ತ, ಮೂತ್ರ ನಿಂತುಹೋಗುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಬಿಸಿಲಿನಲ್ಲಿ ಯಾರಾದರೂ ಗೊಂದಲವಾಗಿ ಮಾತಾಡತೊಡಗಿ ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಜೊತೆಗೇ ಆಂಬುಲೆನ್ಸ್ ಕರೆಯಿರಿ.

ಹಂಪಿಯ ಕೋತಿಗಳಿಗೆ ತಿಂಡಿಯ ಪೊಟ್ಟಣ ಕಂಡರೆ ಸಾಕು. ಮಗುವಿನ ಕೈಗೆ ಬಾಳೆಹಣ್ಣು ಕೊಟ್ಟು ಓಡಾಡಿಸಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಹೊಸಪೇಟೆಯ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಆರಂಭಿಸಿ. ಅರಿಶಿನ, ಸುಣ್ಣ ಮೆತ್ತಬೇಡಿ. ಊರಿಗೆ ಬಂದ ಮೇಲೆ ಉಳಿದ ಚುಚ್ಚುಮದ್ದುಗಳನ್ನು ತಪ್ಪಿಸಬೇಡಿ. ತುಂಗಭದ್ರೆಯಲ್ಲಿ ಈಜಲು ಇಳಿಯಬೇಡಿ. ಬಂಡೆಗಳ ನಡುವಿನ ಸೆಳವು ಮೇಲೆ ಕಾಣುವುದಿಲ್ಲ.

ಮನೆಗೆ ಮರಳಿದ ಮೇಲೆ

ಮನೆಗೆ ಬಂದ ಕೂಡಲೇ ಹೊಸ ಹುಳುವಿನ ಕೆಲಸ ಕಾದಿರುತ್ತದೆ. ಆದರೂ ಒಂದು ವಾರ ತಂದೆಯ ಪಾದ ನೋಡುವುದನ್ನು ನಿಲ್ಲಿಸಬೇಡಿ. ಕೆಲವು ಗಾಯಗಳು ತಡವಾಗಿ ತಲೆದೋರುತ್ತವೆ. ಹಂಪಿಯಲ್ಲಿ ನೋಡದೆ ಬಿಟ್ಟ ಮಂಟಪಗಳಿಗೇನು, ಐನೂರು ವರ್ಷದಿಂದ ನಿಂತಿವೆ, ಮುಂದಿನ ಬೆಳೆಯ ಬಿಡುವಿಗೂ ನಿಂತಿರುತ್ತವೆ. ಅವನ್ನು ನೋಡಲು ಮತ್ತೆ ನಡೆದು ಹೋಗುವ ಕಾಲು ಮಾತ್ರ ಜೋಪಾನವಾಗಿರಬೇಕು.