ಬಾಗಿಲ ಮುಂದಿನ ನೆಲ ಯಾರದು?

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನಾಡಿನ ಹಳ್ಳಿಗಳಲ್ಲಿ ಗೋಡೆಗೆ ಗೋಡೆ ತಾಗಿ ನಿಂತ ಮಾಳಿಗೆಮನೆಗಳ ನಡುವಣ ಹಳೆಯ ಓಣಿಗಳು ಚಕ್ಕಡಿಯ ಕಾಲದವು. ಎತ್ತುಗಳನ್ನು ಬಿಚ್ಚಿ ಗೋದಲಿಗೆ ಕಟ್ಟಿದ ಮೇಲೆ ಬರಿಯ ಚಕ್ಕಡಿಯನ್ನು ಈರ್ವರು ಕೂಡಿ ಗೋಡೆಯ ಬದಿಗೆ ಸರಿಸಬಹುದಾಗಿದ್ದುದರಿಂದ, ಹಾದಿಯ ತಕರಾರು ಅಂದು ಬಹುಮಟ್ಟಿಗೆ ನಿಂತಲ್ಲಿಯೇ ಶಮನಗೊಳ್ಳುತ್ತಿತ್ತು. ಇಂದು ಆ ಸ್ಥಾನಕ್ಕೆ ಟ್ರ್ಯಾಕ್ಟರೂ ಟ್ರೇಲರೂ ಬಂದಿವೆ. ಹೆಸರು, ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿಗಳ ಸುಗ್ಗಿಯಲ್ಲಿ ಮಾಲು ತುಂಬಿದ ಟ್ರೇಲರನ್ನು ಕೈಯಿಂದ ಸರಿಸುವುದು ಅಶಕ್ಯ. ಮಳೆ ಹಿಡಿದ ಎರೆಹೊಲದಲ್ಲಿ ಅದನ್ನು ಬಿಟ್ಟುಬರುವುದೂ ಅಶಕ್ಯ. ಆದಕಾರಣ ಅದು ಓಣಿಯಲ್ಲಿ, ಹಲವು ವೇಳೆ ನೆರೆಯವನ ಬಾಗಿಲಿಗೆ ಅಡ್ಡವಾಗಿಯೇ, ನಿಲ್ಲುತ್ತದೆ.

ತನ್ನ ಮನೆಯ ಮುಂದಿನ ಜಾಗ ತನ್ನದೇ ಎಂಬ ಭಾವನೆಯೇ ಈ ಕಲಹದ ಮೂಲ. ಮನೆಯ ಖರೀದಿಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು ಮೊದಲು ತೆರೆದು ನೋಡತಕ್ಕದ್ದು. ಅದರಲ್ಲಿ ಆ ದಿಕ್ಕಿಗೆ ಸರಕಾರಿ ರಸ್ತೆಯೆಂದಿದ್ದರೆ ಒಡೆತನವು ಅಲ್ಲಿಗೇ ಮುಗಿಯಿತು. ಸಾರ್ವಜನಿಕ ಹಾದಿಯಲ್ಲಿ ಎಲ್ಲರಿಗೂ ಇರುವುದು ಹಾಯ್ದುಹೋಗುವ ಹಕ್ಕೇ ಹೊರತು ವಸ್ತುಗಳನ್ನು ಇಟ್ಟುಕೊಳ್ಳುವ ಹಕ್ಕಲ್ಲ. ಮನೆಯವನು ಕಲ್ಲು ನೆಟ್ಟು, ಕಟ್ಟೆಯನ್ನು ಮುಂಚಾಚಿ ಅನ್ಯರನ್ನು ತಡೆಯುವಂತಿಲ್ಲ. ವಾಹನದವನೂ ಇನ್ನೊಬ್ಬನ ಬಾಗಿಲನ್ನು ಕಟ್ಟಿಹಾಕುವಂತಿಲ್ಲ. ಕಟ್ಟಡದ ಪ್ರವೇಶದ್ವಾರಕ್ಕೆ ಅಡ್ಡವಾಗಿ ವಾಹನ ನಿಲ್ಲಿಸುವುದನ್ನು 1989ರ ರಸ್ತೆ ಸಂಚಾರದ ನಿಯಮಾವಳಿಯೇ ನಿಷೇಧಿಸಿತ್ತು. ಸಾರ್ವಜನಿಕ ಹಾದಿಗೆ ಅಡಚಣೆಯೊಡ್ಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ 5,000 ರೂಪಾಯಿಯವರೆಗೆ ದಂಡವುಂಟು.

ಖಾಸಗಿ ಹಾದಿಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಮುಂದಿನ ಅಂಕಣ ಒಬ್ಬನಿಗೂ ಹಿತ್ತಿಲ ಭಾಗ ಇನ್ನೊಬ್ಬನಿಗೂ ಸಂದು, ಹಿಂದಿನವನು ಮುಂದಿನವನ ಅಂಗಳವನ್ನೇ ತುಳಿದು ಹೋಗಬೇಕಾಗುವುದು ನಮ್ಮಲ್ಲಿ ಸಾಮಾನ್ಯ. 1882ರ ಅನುಭೋಗ ಹಕ್ಕುಗಳ ಕಾಯಿದೆಯು 1891ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಸ್ತರಿಸಿದಾಗ ಧಾರವಾಡ ಜಿಲ್ಲೆಗೂ ಅನ್ವಯವಾಯಿತು. ಪಾಲಾಗುವ ಮುನ್ನ ಒಂದೇ ಇದ್ದ ಆಸ್ತಿಯಲ್ಲಿ ಬೇರೆ ದಾರಿಯೇ ಇಲ್ಲದವನಿಗೆ ಅದು ಅವಶ್ಯಕತೆಯ ಹಾದಿಯನ್ನು ಕೊಡುತ್ತದೆ. ಇಪ್ಪತ್ತು ವರ್ಷ ಬಹಿರಂಗವಾಗಿ, ಶಾಂತವಾಗಿ, ಅಡೆತಡೆಯಿಲ್ಲದೆ, ಹಕ್ಕೆಂದೇ ಬಳಸಿದ ಹಾದಿಯನ್ನೂ ಮನ್ನಿಸುತ್ತದೆ. ಆದರೆ ಒಡೆಯನ ಅನುಮತಿಯಿಂದ ನಡೆದ ಬಳಕೆ ಎಷ್ಟು ವರ್ಷ ಸಾಗಿದರೂ ಹಕ್ಕಾಗದು. ಔದಾರ್ಯದಿಂದ ದಾರಿ ಬಿಟ್ಟವನು ಭಯಪಡಬೇಕಾದುದಿಲ್ಲ. ಆ ಅನುಮತಿಯನ್ನು ಒಂದು ಕಾಗದದಲ್ಲಿ ಬರೆದಿಟ್ಟರೆ ಸಾಕು. ಅಂತೆಯೇ, ಹೋಗಿಬರುವ ಹಕ್ಕುಳ್ಳವನು ಅಲ್ಲಿಯೇ ಟ್ರೇಲರನ್ನು ಬಿಟ್ಟು ಮಲಗುವ ಹಕ್ಕುಳ್ಳವನೆಂದು ಭಾವಿಸಕೂಡದು.

ಇಷ್ಟಾದರೂ ಕಾಯಿದೆಯನ್ನು ಹಿಡಿದು ಓಡುವುದು ಕಡೆಯ ಮಾತಾಗಬೇಕೆಂದೇ ನನ್ನ ದೃಢವಾದ ಅಭಿಪ್ರಾಯ. ನೆರೆಯವರು ಒಂದೇ ಗೋಡೆಯ ಆಚೆ ಈಚೆ ಬಾಳಬೇಕಾದವರು. ಗುಡಿಯ ಕಟ್ಟೆಯ ಮೇಲೆ ನಾಲ್ವರು ಹಿರಿಯರನ್ನು ಕೂಡಿಸಿ, ಯಾವ ಸುಗ್ಗಿಯಲ್ಲಿ ಯಾರ ಗಾಡಿ ಎಲ್ಲಿ, ಎಷ್ಟು ಹೊತ್ತಿನವರೆಗೆ ನಿಲ್ಲತಕ್ಕದ್ದೆಂಬುದನ್ನು ಮಾತಾಡಿ, ಉಭಯರ ಸಹಿಯೊಡನೆ ಬರೆದಿಡುವುದು ಲೇಸು. ಅದೂ ಫಲಿಸದಿದ್ದರೆ ಗ್ರಾಮಪಂಚಾಯತಿಗೆ ಲಿಖಿತ ಅರ್ಜಿ. ಆಮೇಲೆ ತಾಲೂಕಾ ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತು. ಅಲ್ಲಿ ಕೋರ್ಟು ಶುಲ್ಕವಿಲ್ಲ. ಉಭಯಪಕ್ಷಗಳೂ ಒಪ್ಪಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ.

ಓಣಿಯ ಬಾಯಿಗೆ ಟ್ರೇಲರು ನಿಂತಿರುವ ರಾತ್ರಿಯೇ ಒಳಗಿನ ಮನೆಯಲ್ಲಿ ಹೆರಿಗೆಯ ಬೇನೆ ಕಾಣಿಸಿಕೊಂಡರೆ 108ರ ಗಾಡಿ ಅಗಸಿಯಲ್ಲಿಯೇ ನಿಲ್ಲಬೇಕಾಗುತ್ತದೆ. ಆದ್ದರಿಂದ ಪ್ರತಿಯೊಂದು ಗ್ರಾಮಪಂಚಾಯತಿಯೂ ಬರುವ ಸುಗ್ಗಿಗೆ ಮೊದಲೇ ಊರ ಹೊರಗೆ, ದೀಪದ ಕಂಬವಿರುವ ಕಡೆ, ಟ್ರ್ಯಾಕ್ಟರುಗಳಿಗೆಂದು ಒಂದು ಬಯಲನ್ನು ಗುರುತಿಸಿ ಗರಸು ಹಾಕಿಸಿಕೊಡಬೇಕು. ಓದುಗರು ತಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಠರಾವಿಗೆ ತರಬೇಕೆಂದು ವಿನಂತಿಸುತ್ತೇನೆ.