ಆಸ್ತಿಯ ಹಕ್ಕು: ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ ನಿಲುವು

1950ರಲ್ಲಿ ಭಾರತ ಸಂವಿಧಾನದ ಮೂರನೆಯ ಭಾಗದಲ್ಲಿ ಸ್ಥಾನ ಪಡೆದಿದ್ದ ಮೂಲಭೂತ ಹಕ್ಕುಗಳ ಪೈಕಿ ಆ ಸ್ಥಾನವನ್ನು ಸಂಪೂರ್ಣವಾಗಿ ಕಳೆದುಕೊಂಡದ್ದು ಆಸ್ತಿಯ ಹಕ್ಕೊಂದೇ. ಈ ಹಕ್ಕಿನ ಏಳುಬೀಳುಗಳನ್ನು ಶಾಸನಸಭೆಯ ಸದಸ್ಯ, ನ್ಯಾಯಾಧೀಶ ಮತ್ತು ಸಭಾಧ್ಯಕ್ಷ ಎಂಬ ಮೂರೂ ಪೀಠಗಳಿಂದ ಕಂಡ ಕನ್ನಡ ನಾಡಿನ ವ್ಯಕ್ತಿ ಕಾರ್ಕಳ ತಾಲ್ಲೂಕಿನ ಕೌಡೂರು ಸದಾನಂದ ಹೆಗ್ಡೆ. 1952ರಿಂದ 1957ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದ ಅವರು 1957ರಲ್ಲಿ ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, ಮರುವರ್ಷ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದರು. 1977ರಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ ಅದರ ಸಭಾಧ್ಯಕ್ಷರಾದರು.

ಹೆಗ್ಡೆಯವರನ್ನು ಉಳ್ಳವರ ಆಸ್ತಿಯ ಕಾವಲುಗಾರರೆಂದು ಚಿತ್ರಿಸುವ ಒಂದು ಪರಂಪರೆ 1973ರ ರಾಜಕೀಯ ವಿವಾದದಿಂದ ಬೆಳೆದುಬಂದಿದೆ. ಬ್ಯಾಂಕುಗಳ ರಾಷ್ಟ್ರೀಕರಣದ ಶಾಸನವನ್ನು ಫೆಬ್ರವರಿ 1970ರಲ್ಲಿ ಅಸಿಂಧುಗೊಳಿಸಿದ ಹತ್ತು ಮಂದಿ ನ್ಯಾಯಾಧೀಶರಲ್ಲಿ ಅವರೂ ಒಬ್ಬರು; ಅದೇ ಡಿಸೆಂಬರ್‌ನಲ್ಲಿ ರಾಜಧನದ ಪ್ರಕರಣದಲ್ಲಿ ಮಾಜಿ ಅರಸರ ಪರವಾದ ಬಹುಮತಕ್ಕೆ ಸೇರಿ ಪ್ರತ್ಯೇಕ ತೀರ್ಪನ್ನೂ ಬರೆದರು. ಈ ಎರಡನ್ನು ಮಾತ್ರ ಎದುರಿಗಿಟ್ಟುಕೊಂಡರೆ ಆ ಚಿತ್ರ ಸರಿಯೆನಿಸುವುದು ಸಹಜ. ಆದರೆ ಇವೆರಡಕ್ಕೂ ಮುಂಚೆ, 1969ರಲ್ಲಿ, ಬೆಂಗಳೂರಿನ ಚಂದ್ರಭವನ ಎಂಬ ವಸತಿಗೃಹದ ಪ್ರಕರಣದಲ್ಲಿ ಅವರು ಬರೆದ ತೀರ್ಪನ್ನು ಈ ವಾದ ಬದಿಗಿಡುತ್ತದೆ. ಹೋಟೆಲು ಕಾರ್ಮಿಕರಿಗೆ ಮೈಸೂರು ಸರ್ಕಾರ ನಿಗದಿಮಾಡಿದ ಕನಿಷ್ಠ ವೇತನವನ್ನು ಮಾಲೀಕರು ಪ್ರಶ್ನಿಸಿದಾಗ, ವ್ಯಾಪಾರದ ಸ್ವಾತಂತ್ರ್ಯವೆಂದರೆ ಕೂಲಿಯವನನ್ನು ಮನಬಂದಂತೆ ದುಡಿಸಿಕೊಳ್ಳುವ ಸ್ವಾತಂತ್ರ್ಯವಲ್ಲವೆಂದು ಹೆಗ್ಡೆಯವರು ಆ ವಾದವನ್ನು ತಳ್ಳಿಹಾಕಿದರು. ಮೂಲಭೂತ ಹಕ್ಕುಗಳೂ ರಾಜ್ಯನೀತಿಯ ನಿರ್ದೇಶಕ ತತ್ವಗಳೂ ಪರಸ್ಪರ ವಿರೋಧಿಗಳಲ್ಲ, ಪೂರಕಗಳು ಎಂಬ ನಿಲುವು ಅಲ್ಲಿ ಸ್ಪಷ್ಟವಾಗಿದೆ. ಅವರ ಆಸ್ತಿವಿಚಾರದ ಬೀಗದಕೈ ಇರುವುದು ಇಲ್ಲಿಯೇ.

ಈ ನಿಲುವಿನ ನಿಜವಾದ ಪರೀಕ್ಷೆ ನಡೆದದ್ದು ಕೇಶವಾನಂದ ಭಾರತಿ ಪ್ರಕರಣದಲ್ಲಿ. ಕಾಸರಗೋಡಿನ ಎಡನೀರು ಮಠದ ಯತಿಗಳು 1970ರಲ್ಲಿ ಹೂಡಿದ ಈ ಅರ್ಜಿ ಮೂಲತಃ ಕೇರಳದ ಭೂಸುಧಾರಣಾ ಶಾಸನದ ವಿರುದ್ಧದ ದಾವೆ. ಹದಿಮೂರು ನ್ಯಾಯಾಧೀಶರ ಪೀಠವು 68 ದಿನಗಳ ವಾದವನ್ನು ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪಿತ್ತಿತು. ಸಂವಿಧಾನದ ಮೂಲ ಸ್ವರೂಪದ ಸಿದ್ಧಾಂತವು ಈ ತೀರ್ಪಿನ ಫಲವಾದ್ದರಿಂದ, ಕಾನೂನು ಕಾಲೇಜುಗಳಲ್ಲಿ ಅದನ್ನು ಆ ಸಿದ್ಧಾಂತದ ಪಾಠವಾಗಿಯೇ ಬೋಧಿಸುವುದು ರೂಢಿ. ಅದು ಮಣ್ಣಿನ ಒಡೆತನದ ವ್ಯಾಜ್ಯವಾಗಿ ಹುಟ್ಟಿತೆಂಬುದು ವಿದ್ಯಾರ್ಥಿಯ ಗಮನಕ್ಕೆ ಬರುವುದೇ ವಿರಳ. ಕಾನೂನು ಶಿಕ್ಷಣದ ಸುಧಾರಣೆಯ ಕುರಿತು ಮಾತನಾಡುವವರು ಈ ಕೊರತೆಯನ್ನು ಪರಿಗಣಿಸುವುದು ಅಗತ್ಯ.

ಹೆಗ್ಡೆ ಮತ್ತು ಮುಖರ್ಜಿಯಾ ಅವರ ಜಂಟಿ ತೀರ್ಪು ಎರಡು ಪಕ್ಷಗಳಿಗೂ ಪೂರ್ಣ ತೃಪ್ತಿ ನೀಡುವಂಥದಾಗಿರಲಿಲ್ಲ. ಮೂಲಭೂತ ಹಕ್ಕುಗಳನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಉಂಟೆಂದು ಒಪ್ಪಿ ಅವರು 24ನೆಯ ತಿದ್ದುಪಡಿಯನ್ನು ಎತ್ತಿಹಿಡಿದರು. 25ನೆಯ ತಿದ್ದುಪಡಿಯು 31ನೆಯ ಅನುಚ್ಛೇದದಲ್ಲಿದ್ದ ‘ಪರಿಹಾರ’ವೆಂಬ ಪದದ ಬದಲಿಗೆ ‘ಮೊಬಲಗು’ ಎಂಬರ್ಥದ ಪದವನ್ನು ತಂದಿತ್ತು, ಅದನ್ನೂ ಒಪ್ಪಿದರು. ಸರ್ಕಾರ ವಶಪಡಿಸಿಕೊಂಡ ಆಸ್ತಿಗೆ ಪೇಟೆಯ ಬೆಲೆಯನ್ನೇ ತೆರಬೇಕೆಂಬ ಹಟ ಅವರಿಗಿರಲಿಲ್ಲ. ಆದರೆ ಆ ಮೊಬಲಗು ಹೆಸರಿಗೆ ಮಾತ್ರವಾಗಿರುವಂತಿಲ್ಲ, ಮನಸೋ ಇಚ್ಛೆ ನಿಗದಿಯಾಗುವಂತಿಲ್ಲ ಎಂಬ ಗೆರೆಯನ್ನು ಎಳೆದರು. ಇದಕ್ಕಿಂತ ಕಟುವಾದ ನಿಲುವು 31ಸಿ ಅನುಚ್ಛೇದದ ಕುರಿತಾದದ್ದು. ಸಂಪತ್ತಿನ ಹಂಚಿಕೆಯ ಉದ್ದೇಶದ ಶಾಸನಗಳನ್ನು ಸಮಾನತೆಯ ಹಾಗೂ ಸ್ವಾತಂತ್ರ್ಯದ ಹಕ್ಕುಗಳ ಪರಿಶೀಲನೆಯಿಂದಲೇ ಹೊರಗಿಡುತ್ತಿದ್ದ ಈ ಅನುಚ್ಛೇದದ ಮೊದಲ ಭಾಗವನ್ನು ಪೀಠದ ಬಹುಮತ ಉಳಿಸಿಕೊಂಡಿತು; ಹೆಗ್ಡೆಯವರು ಇಡೀ ಅನುಚ್ಛೇದವನ್ನೇ ಅಸಿಂಧುವೆಂದರು. ಅಷ್ಟಾಗಿಯೂ, ಸಂವಿಧಾನದ ಮೂಲ ಅಂಶಗಳನ್ನು ಹೆಸರಿಸುವಾಗ ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ಏಕತೆ, ವ್ಯಕ್ತಿಸ್ವಾತಂತ್ರ್ಯಗಳ ಸಾಲಿನಲ್ಲಿಯೇ ಕಲ್ಯಾಣರಾಜ್ಯವನ್ನು ಕಟ್ಟುವ ಹೊಣೆಯನ್ನೂ ಅವರು ಸೇರಿಸಿದರು. ಉಳ್ಳವರ ಪಕ್ಷಪಾತಿಯಿಂದ ಈ ಮಾತು ನಿರೀಕ್ಷಿಸುವಂಥದಲ್ಲ.

ತೀರ್ಪಿನ ಬೆನ್ನಲ್ಲೇ ಶೇಲತ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಮೀರಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ನೇಮಿಸಲಾಯಿತು. ಮೂವರೂ ರಾಜೀನಾಮೆಯಿತ್ತರು.

ಇದರ ಮುಂದಿನ ಅಧ್ಯಾಯ ವ್ಯಂಗ್ಯಪೂರ್ಣವಾದದ್ದು. ಜನತಾ ಸರ್ಕಾರವು 1978ರಲ್ಲಿ ತಂದ 44ನೆಯ ತಿದ್ದುಪಡಿಯು 19(1)(ಎಫ್) ಮತ್ತು 31ನೆಯ ಅನುಚ್ಛೇದಗಳನ್ನು ತೆಗೆದುಹಾಕಿ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲವೆಂಬ 300ಎ ಅನುಚ್ಛೇದವನ್ನು ಮಾತ್ರ ಉಳಿಸಿತು. ಈ ಬದಲಾವಣೆ 1979ರ ಜೂನ್ 20ರಿಂದ ಜಾರಿಗೆ ಬಂದಿತು. ಮಸೂದೆಯು ಲೋಕಸಭೆಯ ಮುಂದಿದ್ದಾಗ ಸಭಾಧ್ಯಕ್ಷ ಪೀಠದಲ್ಲಿದ್ದವರು ಹೆಗ್ಡೆಯವರೇ. ಮತಗಳು ಸಮವಾದ ಹೊರತು ಸಭಾಧ್ಯಕ್ಷರಿಗೆ ಮತದಾನವಿಲ್ಲ.

ಹಳ್ಳಿಯ ಹಿಡುವಳಿದಾರನ ಮಟ್ಟದಲ್ಲಿ ಈ ಬದಲಾವಣೆಯ ಅರ್ಥವೇನೆಂಬುದನ್ನು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಯ ಒಬ್ಬ ರೈತನನ್ನು ಕಲ್ಪಿಸಿಕೊಂಡು ವಿವರಿಸಬಹುದು. ತನ್ನ ಜಮೀನನ್ನು ಅಕ್ರಮವಾಗಿ ವಶಪಡಿಸಿಕೊಂಡರೆ 1979ಕ್ಕೆ ಮುಂಚೆ ಆತ 32ನೆಯ ಅನುಚ್ಛೇದದ ಮೇರೆಗೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಬಹುದಿತ್ತು. ಆಮೇಲೆ ಆಸ್ತಿಯ ಹಕ್ಕೊಂದನ್ನೇ ಆಧಾರವಾಗಿಟ್ಟುಕೊಂಡು ಆ ದಾರಿ ಹಿಡಿಯುವಂತಿಲ್ಲ. 226ನೆಯ ಅನುಚ್ಛೇದದ ಮೇರೆಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಆದರೂ ಸಣ್ಣ ರೈತನಿಗೆ ಒಂದು ಆಸರೆ ಉಳಿದಿದೆ: ಭೂಸುಧಾರಣೆಯ ಶಾಸನದಡಿ, ಸ್ವಂತ ಸಾಗುವಳಿಯಲ್ಲಿರುವ, ಮಿತಿಯೊಳಗಿನ ಜಮೀನನ್ನು ಪೇಟೆಯ ಬೆಲೆಗೆ ಕಡಿಮೆಯಿಲ್ಲದ ಪರಿಹಾರವಿಲ್ಲದೆ ತೆಗೆದುಕೊಳ್ಳಲಾಗದೆಂದು 1964ರ 17ನೆಯ ತಿದ್ದುಪಡಿಯು 31ಎ ಅನುಚ್ಛೇದಕ್ಕೆ ಸೇರಿಸಿದ ಷರತ್ತು ಇನ್ನೂ ಜೀವಂತವಾಗಿದೆ.

ಆ ರೈತ ಗೇಣಿದಾರನಾಗಿದ್ದರೆ ಕಥೆ ಬೇರೆ. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು. ಉಳುವವನು 7ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯಿಂದ ಅಧಿಭೋಗದ ಹಕ್ಕನ್ನು ಪಡೆಯಬೇಕಾಗಿತ್ತು. ಈ ಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವನ್ನೇ ಶಾಸನ ನಿಷೇಧಿಸಿತ್ತು. ದುಬಾರಿ ವಕೀಲರನ್ನಿಟ್ಟುಕೊಳ್ಳುವ ಶಕ್ತಿ ಭೂಮಾಲೀಕನಿಗುಂಟು, ಗೇಣಿದಾರನಿಗಿಲ್ಲ ಎಂಬ ತರ್ಕ ಅದರ ಹಿಂದಿತ್ತು. ಅದು ತೀರಾ ಹುರುಳಿಲ್ಲದ ತರ್ಕವೂ ಅಲ್ಲ. ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಭೂಸುಧಾರಣೆಯನ್ನು ಎತ್ತಿಹಿಡಿದು, ಈ ನಿಷೇಧವನ್ನು ಮಾತ್ರ ವಕೀಲರ ಅಧಿನಿಯಮಕ್ಕೆ ವಿರುದ್ಧವೆಂದು ರದ್ದುಪಡಿಸಿತು.

ಹೆಗ್ಡೆಯವರು 1990ರಲ್ಲಿ ತೀರಿಕೊಂಡರು. ಅವರು 1973ರಲ್ಲಿ ಎಳೆದಿದ್ದ ಗೆರೆ ಮತ್ತೆ ಕಾಣಿಸಿಕೊಂಡದ್ದು ಕರ್ನಾಟಕದ್ದೇ ಆದ ಇನ್ನೊಂದು ವ್ಯಾಜ್ಯದಲ್ಲಿ. ಬೆಂಗಳೂರಿನಿಂದ ಕನಕಪುರ, ಹಲಗೂರುಗಳ ಮೂಲಕ ಮಳವಳ್ಳಿಗೆ ಸಾಗುವ ರಸ್ತೆಯಲ್ಲಿ, ನಗರದ ಅಂಚಿಗೇ ಇರುವ ತಾತಗುಣಿಯ ಎಸ್ಟೇಟು ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ದಂಪತಿಗಳದಾಗಿತ್ತು. ರಾಜ್ಯ ಸರ್ಕಾರವು 1996ರ ವಿಶೇಷ ಶಾಸನದ ಮೂಲಕ ಅದನ್ನು ವಹಿಸಿಕೊಂಡಿತು. ಕೆ.ಟಿ. ಪ್ಲಾಂಟೇಷನ್ ಪ್ರಕರಣವೆಂದು ಹೆಸರಾದ ಈ ದಾವೆಯಲ್ಲಿ ಸಂವಿಧಾನ ಪೀಠವು 2011ರ ಆಗಸ್ಟ್ 9ರಂದು ಸ್ವಾಧೀನವನ್ನು ಎತ್ತಿಹಿಡಿದರೂ, 300ಎ ಅನುಚ್ಛೇದದಲ್ಲಿ ಪರಿಹಾರವೆಂಬ ಪದವಿಲ್ಲದಿದ್ದರೂ ಅದರ ಹಕ್ಕು ಅಲ್ಲಿ ಅಂತರ್ಗತವಾಗಿದೆಯೆಂದೂ, ಪರಿಹಾರವು ಬರಿಯ ತೋರಿಕೆಯದಾಗಿರಲಾಗದೆಂದೂ ಹೇಳಿತು. ಎರಡು ವರ್ಷಗಳ ತರುವಾಯ ಸಂಸತ್ತು 1894ರ ಭೂಸ್ವಾಧೀನ ಶಾಸನವನ್ನು ರದ್ದುಗೊಳಿಸಿ, ಶೇ. 30ರಷ್ಟಿದ್ದ ಸಾಂತ್ವನದ ಮೊತ್ತವನ್ನು ಶೇ. 100ಕ್ಕೆ ಏರಿಸಿದ ಹೊಸ ಶಾಸನವನ್ನು ಅಂಗೀಕರಿಸಿತು. ಅದು 2014ರ ಜನವರಿ 1ರಿಂದ ಜಾರಿಗೆ ಬಂದಿದೆ.